ಕುಂಕುಮ ಹಚ್ಚಿದ ರೈಲು

ತಾಮ್ರಕ್ಕೆ ನಿಂಬೆಹೋಳು ಉಜ್ಜಿದಾಗ ಏಳುವ ಹುಳಿ ವಾಸನೆಗೆ ನನಗೆ ಪಕ್ಕದ ಮನೆಯ ಆಂಟಿ ನೆನಪಾಗುತ್ತಾರೆ. ಜೊತೆಗೆ ಇಷ್ಟು ವರ್ಷವಾದರೂ ಆರದ ಸಿಟ್ಟೊಂದು. ಈ ಸಲದ ಆಯುಧಪೂಜೆಯ ಬೆಳಿಗ್ಗೆಯೂ ಹಾಗೇ ಆಯಿತು...

ಮದುವೆಯಾಗಿ ಬಸವೇಶ್ವರನಗರದ ಈ ಬೀದಿಗೆ ಬಂದ ಹೊಸದರಲ್ಲಿ ನನ್ನನ್ನು ಮೊದಲು ಮಾತಾಡಿಸಿದವರು ಅವರು. ಕಾಂಪೌಂಡಿನ ಮೇಲಿಂದ ಕರಿಬೇವು ಕೊಡುತ್ತ, "ಫಿಸಿಕ್ಸ್ ಓದಿದೀಯಾ?" ಎಂದು ಕೇಳಿದ್ದರು. ಹೊಸ ಸೊಸೆಗೆ ಕೇಳುವ ಪ್ರಶ್ನೆಯೇ ಅದು! ಕಾಮರ್ಸ್ ಎಂದಾಗ ಅವರ ಮುಖ ಸಣ್ಣಗಾಯಿತು. ಆಂಟಿ ಬಿಎಸ್ಸಿ ಮಾಡಿ, ಬಿ.ಎಡ್ ಕೂಡ ಮುಗಿಸಿದ್ದರು. ಶಾಲೆಯಲ್ಲಿ ಪಾಠ ಹೇಳಬೇಕೆಂಬ ಆಸೆ. ಅದಕ್ಕೆ ಅಂಕಲ್ ಕೊಡುತ್ತಿದ್ದದ್ದು ಒಂದೇ ಉತ್ತರ: "ಮನೆ ಯಾರು ನೋಡ್ಕೋತಾರೆ?" ಮಕ್ಕಳು ಹಾಸ್ಟೆಲ್ ಸೇರಿದ ಮೇಲೂ ಆ ಮನೆಯನ್ನು ಯಾರಾದರೂ ನೋಡುತ್ತಲೇ ಇರಬೇಕಿತ್ತು, ಗೋಡೆಗಳು ಎದ್ದು ಹೋಗಿಬಿಡುತ್ತವೋ ಎಂಬಂತೆ.

ಆ ವರ್ಷ ನವರಾತ್ರಿಗೆ ಗೊಂಬೆಗಳ ಮುಂದೆ ರೈಲು ಓಡಿಸುತ್ತೇನೆ ಎಂದು ಆಂಟಿ ಹಟ ಹಿಡಿದರು. ಊದುಬತ್ತಿ ಡಬ್ಬಿಗಳೇ ಬೋಗಿಗಳಾದವು. ಇಂಜಿನ್ನಿನ ಹೊಟ್ಟೆಗೆ ಒಂದು ಕಬ್ಬಿಣದ ತುಂಡು. ಹಳಿಯ ಕೆಳಗೆ ಅಲ್ಲಲ್ಲಿ ಬೋಲ್ಟುಗಳು, ಅವಕ್ಕೆ ಹಳೆಯ ಟೇಬಲ್ ಫ್ಯಾನಿನಿಂದ ಬಿಚ್ಚಿದ ತಂತಿಯ ಸುತ್ತು. ಬ್ಯಾಟರಿಯ ಕರೆಂಟ್ ಹರಿದರೆ ಬೋಲ್ಟು ಅಯಸ್ಕಾಂತವಾಗಿ ಇಂಜಿನ್ನನ್ನು ತನ್ನತ್ತ ಎಳೆಯುತ್ತಿತ್ತು. ಹತ್ತಿರ ಬಂದೊಡನೆ ಕರೆಂಟ್ ತಪ್ಪಬೇಕು, ಇಲ್ಲದಿದ್ದರೆ ಅಲ್ಲೇ ಹಿಡಿದು ನಿಲ್ಲಿಸಿಕೊಳ್ಳುತ್ತದೆ. ಅದಕ್ಕೆಂದು ಹಳಿಯ ಪಕ್ಕ ತಾಮ್ರದ ಸಣ್ಣ ಪಟ್ಟಿಗಳನ್ನು ಅಂಟಿಸಿದ್ದರು. ಇಂಜಿನ್ನಿಗೆ ಕಟ್ಟಿದ ತಂತಿಯ ಕುಚ್ಚು ಅವನ್ನು ಸವರುತ್ತಿದ್ದಷ್ಟು ಹೊತ್ತು ಮಾತ್ರ ಕರೆಂಟ್. "ಎಳೆಯೋದು ಸುಲಭ ಕಣೇ, ಸರಿಯಾದ ಹೊತ್ತಿಗೆ ಬಿಡೋದು ಕಷ್ಟ," ಎನ್ನುತ್ತಿದ್ದರು. ಆ ಪಟ್ಟಿಗಳನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿ ಸರಿಸಿ ಕೊನೆಗೊಮ್ಮೆ ರೈಲು ಪೂರ್ತಿ ಸುತ್ತು ಹೊಡೆದಾಗ ಅವರು ಚಪ್ಪಾಳೆ ತಟ್ಟಿದ್ದರು... ಮಗುವಿನಂತೆ.

ಹಟಕ್ಕೆ ಕಾರಣವಿತ್ತು. ಹತ್ತಿರದ ಶಾಲೆಯೊಂದಕ್ಕೆ ವಿಜ್ಞಾನದ ಟೀಚರ್ ಬೇಕಾಗಿತ್ತು. ಅಲ್ಲಿನ ಹೆಡ್‌ಮಿಸ್ ಆಯುಧಪೂಜೆಯ ಸಂಜೆ ಅರಿಶಿನ ಕುಂಕುಮಕ್ಕೆ ಬರುವವರಿದ್ದರು. ಅನುಭವವೇನು ಎಂದು ಕೇಳಿದರೆ ತೋರಿಸಲು ಆಂಟಿಯ ಬಳಿ ಇದ್ದದ್ದು ಈ ರೈಲು. ಹೆಡ್‌ಮಿಸ್ ಬಾಯಿಬಿಟ್ಟು ಕರೆದರೆ ಅವರೆದುರು ಅಂಕಲ್ ಬೇಡ ಎನ್ನಲಾರರು ಎಂಬುದು ಆಂಟಿಯ ಧೈರ್ಯ.

ಅಂದು ಬೆಳಿಗ್ಗೆ ಅಂಕಲ್ ಪಂಚೆಯುಟ್ಟು ಗಂಧದ ಬಟ್ಟಲು ಹಿಡಿದು ಹೊರಟರು. ಸ್ಕೂಟರ್, ಫ್ರಿಜ್, ಮಿಕ್ಸಿ, ಟಿವಿ, ಎಲ್ಲಕ್ಕೂ ಬೊಟ್ಟು ಬಿತ್ತು. ರೈಲನ್ನೂ ಬಿಡಲಿಲ್ಲ. ಇಂಜಿನ್ನಿಗಷ್ಟೇ ಇಟ್ಟಿದ್ದರೆ ಪರವಾಗಿರಲಿಲ್ಲ. ತಾಮ್ರದ ಪಟ್ಟಿ ಮಿನುಗಿದಲ್ಲೆಲ್ಲ ಒದ್ದೆ ಗಂಧ ಮೆತ್ತಿ, ಮೇಲೆ ಕುಂಕುಮ ಹಚ್ಚಿದ್ದರು. ಮಧ್ಯಾಹ್ನ ಆಂಟಿ ಸ್ವಿಚ್ ಒತ್ತಿದರೆ ರೈಲು ಮಿಸುಕಲಿಲ್ಲ. "ಪೂಜೆ ಮಾಡಿದ್ದನ್ನ ಇವತ್ತು ಮುಟ್ಟಬಾರ್ದು," ಎಂದು ಅಂಕಲ್ ಒಬ್ಬಟ್ಟು ತಿಂದು ಮಲಗಿದರು.

ಆಂಟಿ ಸೀದಾ ಹೊರಗೆ ಹೋಗಿ, ಸ್ಕೂಟರಿನ ಚಕ್ರದಡಿ ಅಪ್ಪಚ್ಚಿಯಾಗಿದ್ದ ಪೂಜೆಯ ನಿಂಬೆಹಣ್ಣನ್ನು ಎತ್ತಿಕೊಂಡು ಬಂದರು. ಅದರಲ್ಲೇ ಒಂದೊಂದು ಪಟ್ಟಿಯನ್ನೂ ಉಜ್ಜಿದರು. ನಾನು ಬಟ್ಟೆ ಹಿಡಿದು ಒರೆಸುತ್ತ ಹೋದೆ. ಸಂಜೆ ರೈಲು ಓಡಿತು.

ಹೆಡ್‌ಮಿಸ್ ಬಗ್ಗಿ ಬಗ್ಗಿ ನೋಡಿದರು. "ಎಷ್ಟು ಚೆನ್ನಾಗಿದೆ! ಸಾರ್, ನೀವು ಮಾಡಿದ್ದಾ?"

ಅಂಕಲ್ ಫ್ಯೂಸ್ ಹೋದರೆ ಲೈನ್‌ಮ್ಯಾನ್ ಬರುವತನಕ ಕತ್ತಲಲ್ಲಿ ಕೂರುವ ಆಸಾಮಿ. "ಹೂಂ ಮೇಡಂ, ಏನೋ ಟೈಮ್‌ಪಾಸ್," ಎಂದರು.

ನನಗೆ ಮೈಯೆಲ್ಲ ಉರಿಯಿತು. "ಇಲ್ಲ ಮೇಡಂ, ಆಂಟಿ ಮಾಡಿದ್ದು," ಎಂದೆ.

"ಹೌದೌದು, ಬಣ್ಣ ಹಚ್ಚಿದ್ದೆಲ್ಲ ಅವಳೇ." ಅಂಕಲ್ ನಕ್ಕರು. ಹೆಡ್‌ಮಿಸ್ಸೂ ನಕ್ಕರು.

"ಮೇಡಂ, ಅದು ನಾನು..." ಎಂದು ಆಂಟಿ ಬಾಯಿ ತೆರೆದರು.

"ಮೊದ್ಲು ಕಾಫಿ ತಗೊಂಬಾರೇ, ಮೇಡಂಗೆ ಲೇಟಾಗುತ್ತೆ."

ಆಂಟಿ ಕಾಫಿ ತರುವಷ್ಟರಲ್ಲಿ ಹೆಡ್‌ಮಿಸ್ ಅಂಕಲ್‌ರನ್ನು ಶಾಲೆಗೆ ಆಹ್ವಾನಿಸಿ ಆಗಿತ್ತು, ಮಕ್ಕಳಿಗೆ ರೈಲಿನ ಬಗ್ಗೆ ನಾಲ್ಕು ಮಾತು ಹೇಳಲು. ತಾಂಬೂಲ ತೆಗೆದುಕೊಂಡು ಹೊರಟೂಬಿಟ್ಟರು. ಕೆಲಸ ಬೇರೆ ಯಾರಿಗೋ ಹೋಯಿತು. ಮರುವರ್ಷ ಗೊಂಬೆಗಳು ಕೂತವು, ರೈಲು ಇರಲಿಲ್ಲ. ಕೇಳಿದರೆ ಆಂಟಿ, "ಬಿಡೇ ಅತ್ಲಾಗೆ," ಎಂದರು. ಆಮೇಲೆ ಅವರು ಫಿಸಿಕ್ಸ್ ಮಾತೆತ್ತಿದ್ದು ನನಗೆ ನೆನಪಿಲ್ಲ...

ಹೋದ ವರ್ಷ ಆಂಟಿ ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಅಂಕಲ್ ಕಣ್ಣೊರೆಸಿಕೊಳ್ಳುತ್ತ, ನಾನು ರೈಲು ಮಾಡಿದ್ದೆ, ಅವಳು ಎಷ್ಟು ಚೆಂದ ಬಣ್ಣ ಹಚ್ಚಿದ್ದಳು ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅದನ್ನು ಸುಳ್ಳೆಂದು ತಿಳಿದು ಹೇಳಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ನಿಜವೆಂದೇ ನಂಬಿಬಿಟ್ಟಿದ್ದರು. ಎಲೆಯ ಮೇಲಿನ ಪಾಯಸವನ್ನು ಹಾಗೇ ಬಿಟ್ಟು ಎದ್ದೆ.

ಈ ಸಲ ಗೊಂಬೆಗಳ ಪೆಟ್ಟಿಗೆಯನ್ನು ಅವರೇ ನಮ್ಮ ಮನೆಗೆ ಕಳಿಸಿದರು. ತಳದಲ್ಲಿ ರೈಲು ಸಿಕ್ಕಿತು. ತಾಮ್ರದ ಪಟ್ಟಿಗಳು ಹಸಿರುಗಟ್ಟಿದ್ದವು, ಅಂಟು ಬಿಟ್ಟು ಕೆಲವು ಕಳಚಿಯೂ ಇದ್ದವು. ಆಯುಧಪೂಜೆಯ ಬೆಳಿಗ್ಗೆ ನಿಂಬೆಹೋಳು ಹಿಡಿದು ಕೂತು ಎಲ್ಲವನ್ನೂ ಉಜ್ಜಿದೆ, ಕಳಚಿದ್ದನ್ನು ಅಂದಾಜಿನಲ್ಲಿ ಅಂಟಿಸಿದೆ, ಹೊಸ ಬ್ಯಾಟರಿ ತಂದು ಜೋಡಿಸಿದೆ. ಇಂಜಿನ್ ಜಗ್ಗನೆ ಹೊರಟು ಮೊದಲ ಬೋಲ್ಟಿನ ಮೇಲೆಯೇ ಅಂಟಿಕೊಂಡು ನಿಂತಿತು. ಮುಂದೆ ತಳ್ಳಿದರೆ ಎರಡನೆಯದರ ಮೇಲೆ. ಯಾವ ಪಟ್ಟಿಯನ್ನು ಎತ್ತ ಸರಿಸಬೇಕೋ, ಕಾಮರ್ಸ್ ಓದಿದವಳಿಗೆ ಏನು ಗೊತ್ತು?

ಸಂಜೆ ಅಂಕಲ್ ಬಂದರು. ನಾನು ಬೇಕೆಂದೇ ಕೇಳಿದೆ. "ನೀವೇ ಮಾಡಿದ್ದಲ್ವಾ ಅಂಕಲ್, ಸ್ವಲ್ಪ ಸರಿ ಮಾಡ್ಕೊಡಿ."

ಅವರು ಕನ್ನಡಕ ಏರಿಸಿ ರೈಲನ್ನು ಬಹಳ ಹೊತ್ತು ನೋಡಿದರು. ಇಂಜಿನ್ನನ್ನು ಬೆರಳಿಂದ ಮುಟ್ಟಿ, ಕೈ ಹಿಂದಕ್ಕೆ ತೆಗೆದುಕೊಂಡರು. "ಬ್ಯಾಟರಿ ವೀಕ್ ಇರ್ಬೇಕಮ್ಮ. ಹೊಸದು ಹಾಕಿ ನೋಡು," ಎಂದು ಕೋಸಂಬರಿ ತಿಂದು ಹೊರಟುಹೋದರು.

ಬ್ಯಾಟರಿ ಹೊಸದೇ ಇತ್ತು. ಆಂಟಿ ಇರಲಿಲ್ಲ, ಅಷ್ಟೆ.