ಹಳೆಯ ಗರಗಸಕ್ಕೆ ಹೊಸ ಕಮಾನು

೧೯೮೪ನೇ ಇಸವಿ. ದಸರೆಗೆ ಇನ್ನು ಹತ್ತು ದಿನವಿತ್ತು. ಆದೋನಿಯಲ್ಲಿ ನಾನು ಸ್ವಂತ ಬಡಗಿ ಅಂಗಡಿ ತೆರೆದು ಆಗ ಮೂರು ವರ್ಷ. ಆಸ್ಪರಿ ರಸ್ತೆಯಲ್ಲಿ ಹೊಸದಾಗಿ ಏಳುತ್ತಿದ್ದ ಶೇಂಗಾ ಮಿಲ್ಲಿನ ಸಾಹುಕಾರರು ದಸರೆಯೊಳಗೆ ಮೂರು ದೊಡ್ಡ ಹಾಪರ್ ಮಾಡಿಕೊಡಲು ನನಗೆ ಹೇಳಿದ್ದರು. ಹಾಪರ್ ಅಂದರೆ ಶೇಂಗಾ ಸುರಿಯುವ ಆಲಿಕೆಯಂಥ ಮರದ ಪೆಟ್ಟಿಗೆ. ಮೇಲೆ ಅಗಲ, ಕೆಳಗೆ ಸಣ್ಣ ಬಾಯಿ. ನಾಲ್ಕು ಬದಿಯೂ ಇಳಿಜಾರಾಗಿರುವುದರಿಂದ ಹಲಗೆಯ ಅಂಚುಗಳನ್ನು ಓರೆಯಾಗಿ ಕೊಯ್ಯಬೇಕು. ಆರಡಿ ಉದ್ದದ ಅಂಚಿನಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಸಂದಿ ಬೀಳುತ್ತದೆ. ಇಂಥ ಕೆಲಸವನ್ನೆಲ್ಲ ಮಿಲ್ಲಿನವರು ಬಳ್ಳಾರಿಯಲ್ಲಿ ಮಾಡಿಸುತ್ತಿದ್ದರು. ನಮ್ಮ ಊರಿನ ಬಡಗಿಗೆ ಸಿಕ್ಕಿದ್ದು ಅದೇ ಮೊದಲು.

ನನ್ನ ಹತ್ತಿರ ಒಂದು ಕರೆಂಟಿನ ಗರಗಸವಿತ್ತು. ಹಲಗೆಯ ಮೇಲೆ ಉದ್ದನೆಯ ಕಬ್ಬಿಣದ ಪಟ್ಟಿ ಬಿಗಿದು, ಅದಕ್ಕೆ ಒರಗಿಸಿ ಗರಗಸವನ್ನು ತಳ್ಳಿಕೊಂಡು ಹೋದರೆ ಹಳಿಯ ಮೇಲೆ ರೈಲು ಹೋದಂತೆ ನೇರವಾಗಿ ಕೊಯ್ಯುತ್ತಿತ್ತು. ಆದರೆ ಓರೆಗೆ ಬಗ್ಗಿಸಿದರೆ ಅದರ ಬುದ್ಧಿಯೇ ಬೇರೆ. ಮರದ ಮೇಲೆ ಜಾರುವ ತಳದ ತಗಡಿಗೆ ಮುಂದೆ ಒಂದು ಕಮಾನಿನಾಕಾರದ ಪಟ್ಟಿ, ಅದಕ್ಕೊಂದು ತಿರುಪು. ಹಿಂದೆ ಬರೀ ಒಂದು ಮೊಳೆಯ ಆಸರೆ. ಮುಂದೆ ಎಷ್ಟು ಬಿಗಿದರೂ ಹಿಂಭಾಗ ಅಲುಗಾಡುತ್ತಿತ್ತು. ಜೊತೆಗೆ, ಬಗ್ಗಿಸಿದ ಕೂಡಲೇ ಬ್ಲೇಡು ಗೆರೆ ಬಿಟ್ಟು ಒಳಗೆ ಸರಿಯುತ್ತಿತ್ತು.

ಮೊದಲ ಹಾಪರಿನ ಎರಡನೇ ಹಲಗೆ ಕೊಯ್ಯುವಾಗ ಅನಾಹುತವೇ ಆಯಿತು. ನಡುವೆ ಹಿಂಭಾಗ ಹೊರಳಿ ಬ್ಲೇಡು ಸಿಕ್ಕಿಕೊಂಡಿತು. ಇಡೀ ಗರಗಸ ನನ್ನ ಕಡೆಗೆ ಹಾರಿ ಬಂತು. ಅಂಗಿಯ ತೋಳು ಮೊಣಕೈವರೆಗೆ ಸೀಳಿತು. ಚರ್ಮಕ್ಕೆ ಗೀರು ಕೂಡ ಬೀಳಲಿಲ್ಲ. ಬುತ್ತಿ ತಂದಿದ್ದ ನನ್ನ ಹೆಂಡತಿ ಈರಮ್ಮ ಬಾಗಿಲಲ್ಲೇ ನಿಂತು ನೋಡಿದಳು.

"ನಾಳೆ ಇದು ಇಲ್ಲಿ ಕಂಡ್ರ ನಾನೇ ಒಯ್ದು ಬಾವ್ಯಾಗ ಹಾಕ್ತೀನಿ ನೋಡ್ರಿ," ಅಂದಳು.

ಮರುದಿನ ಬೆಳಿಗ್ಗೆ ತಿರುಪು ತರಲು ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅಲ್ಲಿ ಜನ ಗುಂಪು ಕಟ್ಟಿದ್ದರು. ಗರಗಸದ ಕಂಪನಿಯವರೊಬ್ಬರು ಹೊಸ ಮಾದರಿಯನ್ನು ತೋರಿಸಲು ಬಂದಿದ್ದರು. ಹೆಸರು ಪ್ರಸಾದ್, ಕರ್ನೂಲಿನ ಕಡೆಯವರು. ತೆಲುಗು ಬೆರೆಸಿ ಕನ್ನಡ ಮಾತಾಡುತ್ತಿದ್ದರು. ಅವರು ಗರಗಸವನ್ನು ಬಗ್ಗಿಸಿ ಕೊಯ್ದು ತೋರಿಸಿದರು. ನಾನು ಕಣ್ಣು ಮಿಟುಕಿಸಲಿಲ್ಲ. ಅದಕ್ಕೆ ಮುಂದೊಂದು, ಹಿಂದೊಂದು, ಎರಡು ಕಮಾನು! ಎರಡಕ್ಕೂ ತಿರುಪು! ನೆಟ್ಟಗಿದ್ದರೂ ಬಗ್ಗಿದರೂ ಬ್ಲೇಡು ಅದೇ ಗೆರೆಯ ಮೇಲೆ ಇಳಿಯುತ್ತಿತ್ತು.

ಹೊಸದನ್ನು ಕೊಳ್ಳುವುದು ನನ್ನಿಂದಾಗದ ಮಾತು. ಗುಂಪು ಕರಗುವ ತನಕ ಕಾದು ಕೇಳಿದೆ, "ಸಾರ್, ಈ ತಳದ ತಗಡು ಒಂದೇ ಕೊಟ್ರ ನನ್ನ ಹಳೇ ಗರಗಸಕ್ಕ ಕೂಡತೈತೇನ್ರಿ?"

"ಲೇದಂಡಿ, ಕೂರೋದಿಲ್ಲ. ಹಳೇದರ ತೂತುಗಳೇ ಬೇರೆ," ಅಂದರು.

ನಾನು ಹರಿದ ತೋಳಿನ ಅಂಗಿಯಲ್ಲೇ ಬಂದಿದ್ದೆ. ಅವರ ಕಣ್ಣು ಅದರ ಮೇಲೆ ಬಿತ್ತು. "ಇದೇನು?" ಅಂದರು. ಹೇಳಿದೆ. ಹಾಪರಿನ ವಿಷಯವನ್ನೂ ಹೇಳಿದೆ. "ಒಂದು ತಾಸು ನಿಮ್ಮ ಗರಗಸ ಕೊಡ್ರಿ. ಕಾಗದದ ಮ್ಯಾಲೆ ಕಮಾನಿನ ಅಳತಿ ಬರಕೊಂತೀನಿ. ಬೇಕಾದ್ರ ನೀವೇ ಹತ್ರ ಕುಂದರ್ರಿ," ಅಂದೆ.

ಮಧ್ಯಾಹ್ನದ ಗಾಡಿಗೆ ಅವರು ಕಡಪಕ್ಕೆ ಹೋಗಬೇಕಿತ್ತು. ಆದರೂ ಗರಗಸವನ್ನು ಪೆಟ್ಟಿಗೆಯಲ್ಲಿಟ್ಟು ಎತ್ತಿಕೊಂಡರು. "ಚೂದ್ದಾಂ," ಅಂದರು. ನೋಡೋಣ ಅಂತ.

ದಾರಿಯಲ್ಲಿ ನನ್ನ ಅಂಗಡಿಯಿಂದ ನನ್ನ ಗರಗಸವನ್ನೂ ಎತ್ತಿಕೊಂಡು ಇಬ್ಬರೂ ಖಾಜಾ ಸಾಬರ ಲೇತ್ ಅಂಗಡಿಗೆ ಹೋದೆವು. ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲುಗಳ ಬಿಡಿಭಾಗ ಕಡೆಯುವುದರಲ್ಲಿ ಖಾಜಾ ಸಾಬರದು ಎತ್ತಿದ ಕೈ. ಪ್ರಸಾದ್ ಅಲ್ಲಿ ಮಾಡಿದ್ದನ್ನು ನೋಡಿ ನಾನು ದಂಗಾದೆ. ಅಳತೆ ಕೊಡುತ್ತಾರೆ ಅಂದುಕೊಂಡಿದ್ದರೆ, ಅವರು ತಮ್ಮದೇ ಸ್ಕ್ರೂಡ್ರೈವರ್ ತೆಗೆದು ಹೊಚ್ಚಹೊಸ ಗರಗಸವನ್ನು ಬಿಚ್ಚತೊಡಗಿದರು!

"ಅರೆ ಸಾಬ್, ನಿಮ್ ಕಂಪನಿಯವರು ನೋಡಿದ್ರ ನೌಕರಿ ಹೋಗ್ತದಲ್ರಿ," ಅಂದರು ಖಾಜಾ ಸಾಬರು.

"ಅದಕ್ಕೇ ಬೇಗ ಮಾಡಿ," ಅಂದು ಪ್ರಸಾದ್ ನಕ್ಕರು.

ಕಮಾನನ್ನು ಕಾಗದದ ಮೇಲಿಟ್ಟು ಪೆನ್ಸಿಲ್ ಓಡಿಸಿದೆವು. ಖಾಜಾ ಸಾಬರು ದಪ್ಪ ತಗಡಿನಲ್ಲಿ ಎರಡು ಕಮಾನು ಕತ್ತರಿಸಿ, ಸಾಲಾಗಿ ತೂತು ಹೊಡೆದು, ಅರದಿಂದ ಉಜ್ಜಿ ಸೀಳು ಬಿಡಿಸಿದರು. ನನ್ನ ಗರಗಸದ ಹಿಂಭಾಗದಲ್ಲಿ ಹಿಡಿಕೆಯ ಎರಡು ಬೋಲ್ಟುಗಳಿದ್ದವು. ಅವಕ್ಕೇ ಒಂದು ಕಿವಿಯಂಥ ತುಂಡು ಬಿಗಿದು ಹಿಂದಿನ ಕಮಾನು ಕೂರಿಸಿದೆವು. ಉಸಿರು ಬಿಗಿಹಿಡಿದು ರದ್ದಿ ಹಲಗೆಯೊಂದನ್ನು ಕೊಯ್ದೆ. ಅಲುಗಾಟ ಪೂರಾ ನಿಂತಿತ್ತು! ಆದರೆ ಬ್ಲೇಡು ಇನ್ನೂ ಗೆರೆಯಿಂದ ಜೋಳದ ಕಾಳಿನಷ್ಟು ಒಳಗೇ ಇಳಿದಿತ್ತು. ನನ್ನ ಮುಖ ಸಪ್ಪಗಾಯಿತು.

ಪ್ರಸಾದ್ ಎರಡೂ ಗರಗಸಗಳನ್ನು ಮಗುಚಿ, ಬಗ್ಗಿ ನೋಡಿದರು. ಇದ್ದಕ್ಕಿದ್ದಂತೆ ತೊಡೆ ತಟ್ಟಿದರು. ಕಮಾನಿನ ನಡುಬಿಂದುವನ್ನು ನಾವು ತಳದ ತಗಡಿನ ಮೇಲ್ಮೈಗೆ ಹಿಡಿದಿದ್ದೆವು. ಅದು ಇರಬೇಕಾದದ್ದು ಕೆಳಮೈಗೆ, ಬ್ಲೇಡು ಮರಕ್ಕೆ ತಾಗುವ ಜಾಗಕ್ಕೆ. ಅಷ್ಟೇ, ಆ ತಗಡಿನ ದಪ್ಪದಷ್ಟು ತಪ್ಪು!

ಅದೇ ಹೊತ್ತಿಗೆ ಸ್ಟೇಷನ್ ಕಡೆಯಿಂದ ಗಾಡಿಯ ಕೂಗು ಕೇಳಿಸಿತು. "ಸಾರ್, ನಿಮ್ಮ ಗಾಡಿ!" ಅಂದೆ. ಪ್ರಸಾದ್ ಕೈಗಡಿಯಾರ ನೋಡಿದರು. ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು, "ಸಾಬ್‌ಗಾರೂ, ಇನ್ನೊಂದು ತಗಡು ಉಂದಾ?" ಅಂದರು.

ಮತ್ತೆ ಎರಡು ಕಮಾನು ತಯಾರಾದವು. ಈ ಸಲ ಹಲಗೆಯ ಮೇಲೆ ಪಟ್ಟಿ ಬಿಗಿದು, ಮೊದಲು ನೆಟ್ಟಗೆ ಒಂದಿಷ್ಟು ಕೊಯ್ದೆ. ಆಮೇಲೆ ಪಟ್ಟಿ ಕದಲಿಸದೆ ಗರಗಸ ಬಗ್ಗಿಸಿ ಕೊಯ್ದೆ. ಎರಡೂ ಕೊಯ್ತ ಒಂದೇ ಗೆರೆಯಲ್ಲಿ ಕೂಡಿಕೊಂಡವು. ಓರೆ ಕೊಯ್ದ ಎರಡು ಹಲಗೆಗಳನ್ನು ಜೋಡಿಸಿ ಬಿಸಿಲಿಗೆ ಹಿಡಿದೆ. ಸಂದಿಯಲ್ಲಿ ಬೆಳಕಿನ ಒಂದು ಎಳೆಯೂ ತೂರಲಿಲ್ಲ. "ಬಂತು, ಬಂತು!" ಎಂದು ನಾನು ಕಿರುಚಿದ್ದಕ್ಕೆ ರಸ್ತೆಯವರೆಲ್ಲ ಒಳಗೆ ಇಣುಕಿದರು. ಖಾಜಾ ಸಾಬರು ಎಣ್ಣೆಗೈಯಲ್ಲೇ ನನ್ನನ್ನು ತಬ್ಬಿಕೊಂಡರು.

ಹೊಸ ಗರಗಸವನ್ನು ಮತ್ತೆ ಜೋಡಿಸಿದ ಮೇಲೆ ನೋಡಿದರೆ ತಟ್ಟೆಯಲ್ಲಿ ಒಂದು ವಾಷರ್ ಉಳಿದಿತ್ತು! ಮೂವರ ಜೀವವೂ ಬಾಯಿಗೆ ಬಂತು. ಪ್ರಸಾದ್ ಮತ್ತೊಮ್ಮೆ ಪೂರಾ ಬಿಚ್ಚಿ ಎಣಿಸಿದರು. ಕೊನೆಗೆ ಅದು ನನ್ನ ಗರಗಸದ ಹಳೆಯ ಮೊಳೆಯದು ಅಂತ ತಿಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಅವರನ್ನು ಮನೆಗೆ ಕರೆದುಕೊಂಡು ಹೋದೆ. ಈರಮ್ಮ ಬಿಸಿ ರೊಟ್ಟಿ, ಪುಂಡಿಪಲ್ಲೆ ಬಡಿಸಿದಳು. ವಿಷಯವೆಲ್ಲ ಕೇಳಿದ ಮೇಲೆ, "ನಮ್ಮನಿಯವರ ಕೈ ಉಳಿಸಿದ್ರಿ ಅಣ್ಣಾರ," ಅಂದಳು. ಪ್ರಸಾದ್ ತಲೆ ತಗ್ಗಿಸಿಕೊಂಡು ಇನ್ನೊಂದು ರೊಟ್ಟಿ ಕೇಳಿದರು. ಅಲ್ಲಿಂದ ಕಡಪದ ಗಾಡಿ ಹಿಡಿಯಲು ಸಂಜೆಯ ಬಸ್ಸಿಗೆ ಗುಂತಕಲ್ಲಿಗೆ ಹೊರಟರು.

ಹಾಪರುಗಳು ದಸರೆಗೆ ಎರಡು ದಿನ ಮುಂಚೆಯೇ ಮಿಲ್ಲು ಸೇರಿದವು. ಸಾಹುಕಾರರು ಮೂಲೆ ಮೂಲೆಗೂ ಬೆರಳಾಡಿಸಿ ನೋಡಿ, "ಇನ್ನ ಬಳ್ಳಾರಿಗೆ ಯಾಕ ಹೋಗಬೇಕು?" ಅಂದರು.

ಎರಡು ತಿಂಗಳ ಮೇಲೆ ಪ್ರಸಾದ್ ಅವರಿಂದ ಒಂದು ಕಾರ್ಡು ಬಂತು. ಕಡಪದ ಬಡಗಿಯೊಬ್ಬರ ಹತ್ತಿರವೂ ನನ್ನಂಥದೇ ಹಳೆಯ ಗರಗಸವಿದೆಯಂತೆ, ನಮ್ಮ ಕಮಾನಿನ ನಕಾಶೆ ಕಳಿಸಬಹುದೇ ಎಂದು ಕೇಳಿದ್ದರು. ಐದನೇ ಇಯತ್ತೆ ಓದಿದ ನಾನು ಇಡೀ ದಿನ ಕೂತು, ಕೆಳಮೈಯ ಬಿಂದುವಿಗೆ ಕೆಂಪು ಪೆನ್ಸಿಲಿನಿಂದ ಗುರುತು ಹಾಕಿ ನಕಾಶೆ ಬರೆದೆ. ಅಂಚೆ ಡಬ್ಬಿಗೆ ಹಾಕುವಾಗ ಎದೆ ಉಬ್ಬಿತ್ತು. ಆಮೇಲೆ ಕೋಸಗಿಯಿಂದ, ಹೊಳಗುಂದದಿಂದಲೂ ಹಳೆಯ ಗರಗಸಗಳು ಖಾಜಾ ಸಾಬರ ಅಂಗಡಿಗೆ ಬರತೊಡಗಿದವು.

ಪ್ರಸಾದ್ ಮತ್ತೆ ಸಿಗಲಿಲ್ಲ. ಬೇರೆ ಕೆಲಸ ಹಿಡಿದರು ಅಂತ ಯಾರೋ ಹೇಳಿದರು. ಅಂದು ಅವರು ಆಗುವುದಿಲ್ಲ ಅಂದಿದ್ದರೆ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಹೊಸದನ್ನು ಮಾರಲು ಬಂದವರು ಹಳೆಯದನ್ನು ರಿಪೇರಿ ಮಾಡಬೇಕೆಂದು ಎಲ್ಲಿದೆ? ಈಗಲೂ ಯಾರಾದರೂ ಬಾಗಿಲಲ್ಲಿ ನಿಂತು, "ನಿಮ್ಮ ಸಾಮಾನು ಸ್ವಲ್ಪ ನೋಡಬಹುದೇನ್ರಿ?" ಅಂದರೆ, ನಾನು ಮೊದಲು ಅದನ್ನು ಅವರ ಕೈಗೆ ಕೊಡುತ್ತೇನೆ. ಯಾಕೆ ಅಂತ ಆಮೇಲೆ ಕೇಳುತ್ತೇನೆ.