ಐದನೇ ನಂಬರಿನ ಬೂಟು

ದೈಹಿಕ ಶಿಕ್ಷಕನಾಗಿ ನಾನು ಮೊದಲು ಸೇರಿದ್ದು ಶ್ರೀರಂಗಪಟ್ಟಣದ ಒಂದು ಪ್ರೌಢಶಾಲೆಗೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು, ನನಗಿನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಊರು ನಾಗಮಂಗಲವಾದರೂ ಮೈಸೂರಿನಲ್ಲಿ ಓದುವಾಗ ನಾಲ್ಕು ವರ್ಷ ರೋಲರ್ ಹಾಕಿ ಆಡಿದ್ದೆ. ಅಡಿಯಲ್ಲಿ ನಾಲ್ಕು ಚಕ್ರವಿರುವ ಬೂಟು ಕಟ್ಟಿಕೊಂಡು, ಸಿಮೆಂಟು ನೆಲದ ಮೇಲೆ ಜಾರುತ್ತ ಆಡುವ ಹಾಕಿ ಅದು. ಪಟ್ಟಣದಲ್ಲಿ ಅದನ್ನು ಕಂಡವರೇ ಇರಲಿಲ್ಲ. ನಾನೇ ತಂದು ತೋರಿಸಬೇಕು, ಹುಡುಗಿಯರ ತಂಡವೊಂದನ್ನು ಕಟ್ಟಿ ಎಲ್ಲರೂ ಬೆರಗಾಗುವಂತೆ ಮಾಡಬೇಕು ಎಂಬ ಹುಮ್ಮಸ್ಸು ನನಗಿತ್ತು. ಈಗ ನೆನೆದರೆ, ಆ ಹುಮ್ಮಸ್ಸಿನಲ್ಲಿ ಹುಡುಗಿಯರಿಗಿಂತ ನನ್ನ ಪಾಲೇ ದೊಡ್ಡದಿತ್ತು.

ನಾನು ಆಡಿದ್ದ ತಂಡದವರು ತಮ್ಮ ಕಿರಿಯ ಆಟಗಾರರಿಗೆ ಹೊಸ ಬೂಟು ತರಿಸಿದಾಗ ಹಳೆಯ ಎಂಟು ಜೊತೆಯನ್ನು ನನಗೆ ಕೊಟ್ಟರು. ಗೋಣಿಚೀಲಕ್ಕೆ ತುಂಬಿ, ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದೆ. ಆಡಲು ಜಾಗವೂ ಸಿಕ್ಕಿತು. ಊರಾಚೆಯ ರೈಸ್ ಮಿಲ್ಲಿನಲ್ಲಿ ಭತ್ತ ಒಣಗಿಸುವ ಸಿಮೆಂಟು ಕಣವಿತ್ತು. ಸಂಜೆ ನಾಲ್ಕೂವರೆಯ ಮೇಲೆ ಆಡಿಕೊಳ್ಳಿ ಎಂದರು ಮಿಲ್ಲಿನ ಮಾಲೀಕರು. ಅವರ ಮಗಳು ನಮ್ಮಲ್ಲೇ ಒಂಬತ್ತನೇ ತರಗತಿಯಲ್ಲಿದ್ದಳು, ಅವಳೂ ತಂಡಕ್ಕೆ ಸೇರಿದಳು.

ಅದೇ ತರಗತಿಯಲ್ಲಿ ಅರಕೆರೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಇನ್ನೊಬ್ಬ ಹುಡುಗಿಯಿದ್ದಳು. ನಾಲೆಯ ಕೆಳಗೆ ಗದ್ದೆಯಿದ್ದ ಒಕ್ಕಲು ಮನೆತನ. ಮೊದಲ ದಿನ ಎಲ್ಲರೂ ಕಣದ ಮೇಲೆ ಬಿದ್ದು ಏಳುತ್ತಿದ್ದರೆ, ಅವಳು ಮಾತ್ರ ಗೋಡೆ ಹಿಡಿದು ಎರಡು ಸುತ್ತು ಹೋದಳು. ಮೂರನೇ ಸುತ್ತಿಗೆ ಗೋಡೆ ಬಿಟ್ಟಳು. ವಾರ ಕಳೆಯುವುದರೊಳಗೆ ಚೆಂಡನ್ನು ಕೋಲಿನ ತುದಿಗೆ ಅಂಟಿಸಿಕೊಂಡಂತೆ ಒಯ್ಯುತ್ತಿದ್ದಳು. ಇಂಥವಳೊಬ್ಬಳು ಸಿಕ್ಕರೆ ಉಳಿದದ್ದೆಲ್ಲ ತಾನಾಗಿ ಆಗುತ್ತದೆ ಎಂದು ನನಗೆ ಅನ್ನಿಸಿತು.

ತೊಂದರೆಯಿದ್ದದ್ದು ಬೂಟಿನಲ್ಲಿ. ಎಂಟು ಜೊತೆಯಲ್ಲಿ ಆರನೇ ನಂಬರಿನದು ಒಂದೇ ಇತ್ತು, ಉಳಿದವೆಲ್ಲ ಅದಕ್ಕಿಂತ ಚಿಕ್ಕವು. ಬಿಳಿ ಬಣ್ಣದ, ಇದ್ದುದರಲ್ಲಿ ಹೊಸದು. ಅದನ್ನು ಮಿಲ್ಲಿನ ಮಾಲೀಕರ ಮಗಳು ಮೊದಲ ದಿನವೇ ಎತ್ತಿಕೊಂಡಿದ್ದಳು. ಅವಳದು ಸಣ್ಣ ಪಾದ, ಒಳಗೆ ಹತ್ತಿ ತುರುಕಿ ಹಾಕಿಕೊಳ್ಳುತ್ತಿದ್ದಳು. ಅರಕೆರೆಯ ಹುಡುಗಿಗೆ ಐದನೇ ನಂಬರು ಉಳಿಯಿತು. ಬರಿಗಾಲಲ್ಲಿ ಗದ್ದೆ ಬದುವಿನ ಮೇಲೆ ಓಡಾಡಿ ಬೆಳೆದ ಅವಳ ಪಾದ ಬೆರಳಿನ ಕಡೆ ಬೀಸಣಿಗೆಯಂತೆ ಅಗಲವಾಗಿತ್ತು.

"ಸಾ, ಬೆರಳೆಲ್ಲ ಒಂದ್ರ ಮೇಲೊಂದು ಕೂತ್ಕೊತವೆ. ಆಮೇಲೆ ಜೋಮು ಇಡಿತದೆ," ಎಂದಳು.

"ಬಿಗಿ ಇದ್ರೇನೇ ಚಕ್ರ ಮಾತು ಕೇಳೋದು. ಚರ್ಮ ತಾನೇ, ಹದಿನೈದು ದಿನಕ್ಕೆ ಬಿಟ್ಕೊಳುತ್ತೆ," ಎಂದೆ.

ನನಗೆ ಕಲಿಸಿದವರು ನನಗೆ ಹೇಳಿದ್ದ ಮಾತದು. ಅದು ಅರ್ಧ ನಿಜ ಎಂಬುದು ನನಗೆ ತಿಳಿದಿರಲಿಲ್ಲ.

ಬೂಟುಗಳ ಹೊಲಿಗೆ ಬಿಚ್ಚಿದರೆ ಪೇಟೆಯ ಒಬ್ಬ ಹಿರಿಯ ಸಾಬರ ಅಂಗಡಿಗೆ ಒಯ್ಯುತ್ತಿದ್ದೆ. ಚಪ್ಪಲಿ, ಬೂಟು, ಕುದುರೆ ಗಾಡಿಯ ಪಟ್ಟಿ, ಚರ್ಮದ್ದು ಏನಾದರೂ ಅವರ ಕೈಯಲ್ಲಿ ಸರಿಹೋಗುತ್ತಿತ್ತು. ಒಂದು ದಿನ ಅವರು ಐದನೇ ನಂಬರಿನ ಬೂಟಿನೊಳಗೆ ಕೈಹಾಕಿ, ಬೆರಳಿನ ಜಾಗವನ್ನು ತಡವಿ, ಹೊರಗೆ ತೆಗೆದು ಬೆಳಕಿಗೆ ಹಿಡಿದರು. ಒಳಚರ್ಮದ ಮೇಲೆ ಕಂದು ಕಲೆಯಿತ್ತು.

"ಮಾಷ್ಟ್ರೇ, ಈ ಬಚ್ಚಿ ಪಾದ ಇದ್ರಲ್ಲಿ ಹಿಡಿಯಲ್ಲ. ನಾನು ಅಚ್ಚು ಹಾಕಿ ಒಂದು ನೂಲಿನಷ್ಟು ಎಳೀಬಹುದು, ಜಾಸ್ತಿ ಆಗಲ್ಲ. ಹೋದ ಸಲ ತಂದಿದ್ರಲ್ಲ, ಆ ಬಿಳಿ ಬೂಟು ಯಾರ್ದು? ಅದರ ತುಂಬಾ ಹತ್ತಿ. ಇಬ್ಬರ್ದೂ ಬದಲಾಯಿಸಿಬಿಡಿ, ಬಸ್."

ಅಷ್ಟು ಸುಲಭದ ಪರಿಹಾರ. ಕಣಕ್ಕೆ ಹಿಂತಿರುಗಿ ಬರುವಾಗ ದಾರಿಯುದ್ದಕ್ಕೂ ಹೇಳಬೇಕೆಂದೇ ಇದ್ದೆ. ಮಿಲ್ಲಿನ ಗೇಟಿನಲ್ಲಿ ಮಾಲೀಕರು ಸಿಕ್ಕರು. "ನಮ್ಮ ಹುಡುಗಿ ಆ ಬಿಳಿ ಬೂಟನ್ನ ಮನೇಲೂ ಬಿಚ್ಚಲ್ಲ ಅಂತಾಳೆ ಮೇಷ್ಟ್ರೇ," ಎಂದು ನಕ್ಕರು. ನಾನೂ ನಕ್ಕೆ. ಬೂಟು ಬದಲಾಯಿಸುವ ಮಾತು ಬಾಯಿಂದ ಹೊರಡಲಿಲ್ಲ. ಅವರು ಬೇಜಾರು ಮಾಡಿಕೊಂಡು ಕಣ ಬಿಡಿಸಿದರೆ ಎಂಬ ಅಳುಕು. ಕೇಳಿದ್ದರೆ ಅವರು ಒಪ್ಪುತ್ತಿದ್ದರೇನೋ. ನಾನು ಕೇಳಲೇ ಇಲ್ಲ.

ಮಳೆಗಾಲದಲ್ಲಿ ಮೈಸೂರಿನಲ್ಲಿ ಪಂದ್ಯ ಗೊತ್ತಾಯಿತು. ಅದಕ್ಕೆ ಮೊದಲು ಮೂರು ವಾರ ದಿನವೂ ಅಭ್ಯಾಸ. ಹುಡುಗಿಯ ಹೆಬ್ಬೆರಳಿನ ಉಗುರು ಕಪ್ಪಾಯಿತು. ಹಿಮ್ಮಡಿಯ ಮೇಲೆ ಬೊಬ್ಬೆ ಎದ್ದು, ಒಡೆದು, ಮತ್ತೆ ಎದ್ದಿತು. ಅವಳು ದೂರುವುದನ್ನು ಬಿಟ್ಟಳು. ಅದನ್ನು ನಾನು ವಾಸಿಯಾಗುತ್ತಿರುವ ಗುರುತೆಂದು ತಿಳಿದೆ. ಹೀಗೆ ತಿಳಿಯುವುದು ನನಗೆ ಅನುಕೂಲವೂ ಆಗಿತ್ತು.

ಪಂದ್ಯದಲ್ಲಿ ನಾವು ಸೋತೆವು. ಆದರೆ ನಮ್ಮ ಮೂರು ಗೋಲೂ ಅವಳದೇ. ನನ್ನ ಹಳೆಯ ತಂಡದವರು ಬಂದು ನನ್ನ ಬೆನ್ನು ತಟ್ಟಿದರು. ಎಲ್ಲರೂ ಬೂಟು ಬಿಚ್ಚಿ ಚೀಲಕ್ಕೆ ಹಾಕುತ್ತಿದ್ದಾಗ ಅವಳೊಬ್ಬಳು ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಳು.

"ಆಮ್ಯಾಕೆ ಬಿಚ್ತೀನಿ ಸಾ," ಎಂದಳು.

ಬಸ್ಸಿಗೆ ಹೊತ್ತಾಗುತ್ತದೆಂದು ನಾನೇ ಮುಂದೆ ಕೂತು ಲೇಸು ಸಡಿಲಿಸಿದೆ. ಬೂಟು ಬಂತು, ಕಾಲುಚೀಲ ಬರಲಿಲ್ಲ. ಹಿಮ್ಮಡಿಗೆ, ಬೆರಳುಗಳಿಗೆ ಅಂಟಿಕೊಂಡಿತ್ತು. ನೀರು ಹಾಕಿ ನೆನೆಸಿ ಎಳೆದಾಗ ಅದರ ಜೊತೆ ಚರ್ಮವೂ ಬಂತು. ಅವಳು ಕೂಗಲಿಲ್ಲ, ತುಟಿ ಕಚ್ಚಿಕೊಂಡು ನನ್ನ ತಲೆಯಾಚೆಗೆ ಎಲ್ಲೋ ನೋಡುತ್ತಿದ್ದಳು. ಹೆಬ್ಬೆರಳಿನ ಉಗುರು ಅಲ್ಲಾಡುತ್ತಿತ್ತು. ಅಂಗಡಿಯಿಂದ ಟಿಂಚರು ತಂದು ಹಚ್ಚಿ, ಬಟ್ಟೆ ಸುತ್ತಿದೆ. ಆಮೇಲೆ, ಉಳಿದವರಿಗೆ ಕೇಳಿಸದಂತೆ, ಅವಳಿಗೆ ಹೇಳಿದೆ:

"ಎರಡು ದಿನ ಕಾಲಿಗೆ ಕೆಲಸ ಕೊಡ್ಬೇಡ, ಸರಿಹೋಗುತ್ತೆ. ಬೂಟು ಕಚ್ಚಿದ್ದು ಅಂತ ಮನೇಲಿ ಹೇಳ್ಬೇಡ. ಹೇಳಿದ್ರೆ ಆಟ ಬಿಡಿಸ್ಬಿಡ್ತಾರೆ."

ಅವಳು ತಲೆಯಾಡಿಸಿದಳು. ನನ್ನ ಮಾತನ್ನು ಅವಳು ಯಾವತ್ತೂ ಮೀರಿದವಳಲ್ಲ.

ಮನೆಯಲ್ಲಿ ಮುಳ್ಳು ಚುಚ್ಚಿತೆಂದು ಹೇಳಿದಳಂತೆ. ಅದು ನಾಟಿಯ ಕಾಲ. ಮುಳ್ಳು ಚುಚ್ಚಿದ್ದಕ್ಕೆಲ್ಲ ಆ ಮನೆಗಳಲ್ಲಿ ಯಾರೂ ಮಲಗುವುದಿಲ್ಲ. ಎರಡು ದಿನ ಅವ್ವನ ಜೊತೆ ಕೆಸರಿನಲ್ಲಿ ನಿಂತು ಪೈರು ನೆಟ್ಟಳು, ಕೊಟ್ಟಿಗೆ ಬಾಚಿದಳು. ಸೋಮವಾರ ಶಾಲೆಗೆ ಬರಲಿಲ್ಲ. ಮಂಗಳವಾರವೂ ಇಲ್ಲ. ಗುರುವಾರ ಅವಳ ಊರಿನ ಇನ್ನೊಬ್ಬಳನ್ನು ಕೇಳಿದೆ. "ಅವ್ಳಿಗೆ ಚಳಿ ಜ್ವರ ಸಾ. ಕಾಲು ಊದ್ಕಬುಟ್ಟದೆ," ಎಂದಳು.

ಮಧ್ಯಾಹ್ನದ ಬಸ್ಸಿಗೆ ಅರಕೆರೆಗೆ ಹೋದೆ. ಜಗಲಿ ದಾಟಿದರೆ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಮೊಣಕಾಲಿನ ತನಕ ಬಾತು ಮಿರುಗುತ್ತಿದ್ದ ಕಾಲಿಗೆ ಯಾವುದೋ ಸೊಪ್ಪು ಅರೆದು ಕಟ್ಟಿದ್ದರು. ಬಟ್ಟೆಯ ಆಚೆ ಕಾಣುತ್ತಿದ್ದ ಬೆರಳುಗಳು ಕಪ್ಪಿಟ್ಟಿದ್ದವು. ಅವಳ ಅಪ್ಪ ಗದ್ದೆಯಿಂದ ಬಂದವರು ಕಾಲು ಕೂಡ ತೊಳೆಯದೆ ಬಾಗಿಲಲ್ಲಿ ನಿಂತಿದ್ದರು.

"ಈಗ್ಲೇ ಮೈಸೂರಿಗೆ ಕರ್ಕೊಂಡು ಹೋಗ್ಬೇಕು," ಎಂದೆ.

"ಮುಳ್ಳಿಗಾ ಮೇಷ್ಟ್ರೇ?"

ಗಾಡಿ ಹುಡುಕಲು ನಾನು ಹೊರಗೆ ಹೋದೆ. ಪಕ್ಕದವರ ಟೆಂಪೋದಲ್ಲಿ ಚಾಪೆ ಹಾಸಿ ಅವಳನ್ನು ಮಲಗಿಸಿಕೊಂಡು ಹೊರಟೆವು. ರಸ್ತೆಯ ಗುಂಡಿ ಬಂದಾಗೆಲ್ಲ ಅವ್ವ ಮಗಳ ಕಾಲನ್ನು ಮಡಿಲಲ್ಲಿ ಎತ್ತಿ ಹಿಡಿಯುತ್ತಿದ್ದರು.

ಆಸ್ಪತ್ರೆಯಲ್ಲಿ ಎರಡು ದಿನ ಔಷಧಿ ಕೊಟ್ಟು ನೋಡಿದರು. ಮೂರನೆಯ ದಿನ ಡಾಕ್ಟರು ಹೊರಗೆ ಬಂದು, ವಿಷ ಮೇಲೇರುತ್ತಿದೆ, ಹೆಬ್ಬೆರಳನ್ನೂ ಅದರ ಪಕ್ಕದ್ದನ್ನೂ ತೆಗೆಯದಿದ್ದರೆ ಪಾದವೇ ಹೋಗುತ್ತದೆ ಎಂದರು. ಅವಳ ಅಪ್ಪ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದರು. ಆಮೇಲೆ ಮೆಟ್ಟಿಲ ಮೇಲೆ ಕೂತು, ಬೆರಳಿಗೆ ಹತ್ತಿದ ಮಸಿಯನ್ನು ಗೋಡೆಗೆ ಒರೆಸುತ್ತ, ನನ್ನನ್ನು ಕೇಳಿದರು:

"ಡಾಕ್ಟ್ರು ಇದು ಮುಳ್ಳಲ್ಲ ಅಂತಾವ್ರೆ. ಬೂಟು ಉಜ್ಜಿದ್ದು ಅಂತಾವ್ರೆ. ನಿಮ್ಗೆ ಗೊತ್ತಿತ್ತಾ?"

ಸುಳ್ಳು ಹೇಳಬಹುದಿತ್ತು. ಮಗಳು ಬಾಯಿ ಬಿಟ್ಟಿರಲಿಲ್ಲ, ಬಿಡುತ್ತಲೂ ಇರಲಿಲ್ಲ. ಆದರೆ ಅವರು ಕೇಳಿದ ರೀತಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದರು. ಎಲ್ಲವನ್ನೂ ಹೇಳಿದೆ. ಬೆರಳು ನೋಯುತ್ತದೆಂದು ಅವಳು ಹೇಳಿದ್ದು, ಸಾಬರು ಬದಲಾಯಿಸಿ ಎಂದದ್ದು, ನಾನು ಬದಲಾಯಿಸದೇ ಹೋದದ್ದು, ಮನೆಯಲ್ಲಿ ಹೇಳಬೇಡ ಎಂದದ್ದು.

ಅವರು ಮಸಿ ಒರೆಸುವುದನ್ನು ನಿಲ್ಲಿಸಿದರು. ಹೊಡೆಯುತ್ತಾರೆಂದು ಕಾದೆ. ಹೊಡೆದಿದ್ದರೆ ಒಳ್ಳೆಯದಿತ್ತು.

"ನಾವು ಎತ್ತಿಗೆ ನೊಗ ಕಟ್ಟೋವಾಗ್ಲೂ ಕತ್ತು ಉಜ್ತದಾ ಅಂತ ಕೈಯಾಡ್ಸಿ ನೋಡ್ತೀವಿ," ಎಂದರು ಕೊನೆಗೆ. "ನೀವು ಓಗಿ ಮೇಷ್ಟ್ರೇ. ಅವ್ಳು ಕಣ್ಬುಟ್ಟಾಗ ನೀವು ಇಲ್ಲಿ ಇರ್ಬಾರ್ದು."

ನಾನು ಹೋದೆ.

ತಂಡ ಅಲ್ಲಿಗೆ ನಿಂತಿತು. ಮುಖ್ಯೋಪಾಧ್ಯಾಯರು ಬೂಟುಗಳನ್ನು ಸ್ಟೋರ್ ರೂಮಿಗೆ ಹಾಕಿಸಿ ಬೀಗ ಜಡಿದರು. ಅವಳ ಮನೆಯವರು ನನ್ನ ಮೇಲೆ ದೂರು ಕೊಡಲಿಲ್ಲ. ಹುಡುಗಿ ಮತ್ತೆ ಶಾಲೆಗೆ ಬರಲಿಲ್ಲ. ಕಾಲು ಮಾಯುವುದಕ್ಕೆ ತಿಂಗಳುಗಟ್ಟಲೆ ಹಿಡಿಯಿತೆಂದೂ, ಬಸ್ಸು ಹತ್ತಿ ಇಳಿದು ಓದುವುದು ಇನ್ನು ಬೇಡವೆಂದು ಮನೆಯಲ್ಲಿ ತೀರ್ಮಾನಿಸಿದರೆಂದೂ ಕೇಳಿದೆ. ಮಿಲ್ಲಿನ ಮಾಲೀಕರ ಮಗಳು ಒಂದು ದಿನ ಸ್ಟಾಫ್ ರೂಮಿನ ಬಾಗಿಲಿಗೆ ಬಂದು, "ನನ್ನ ಕೇಳಿದ್ರೆ ಕೊಡ್ತಿದ್ದೆ ಸಾರ್," ಎಂದು ಅತ್ತುಕೊಂಡು ಹೋದಳು.

ಕೆಲವು ತಿಂಗಳ ನಂತರ ಸಾಬರ ಅಂಗಡಿಗೆ ಹೋಗಿ, ಕಾಲಿಗೆ ಬೂಟು ಹೊಂದಿಸುವುದನ್ನು ಕಲಿಸಿಕೊಡಿ ಎಂದು ಕೇಳಿದೆ. ಅವರು ತಲೆಯೆತ್ತಲಿಲ್ಲ.

"ಈಗ ಯಾಕೆ ಮಾಷ್ಟ್ರೇ?"

"ಮುಂದೆ ಬೇರೆ ಮಕ್ಕಳು ಬರ್ತಾರಲ್ಲ."

ಹೊಲಿಯುತ್ತಿದ್ದ ಚಪ್ಪಲಿಯನ್ನು ಮುಗಿಸಿ, ಒಂದು ರಟ್ಟು ನೆಲಕ್ಕೆ ಹಾಕಿ ನನ್ನನ್ನೇ ಅದರ ಮೇಲೆ ನಿಲ್ಲಿಸಿದರು. ಕೂತಾಗ ಅಳೆಯಬಾರದು, ಭಾರ ಬಿದ್ದರೆ ಪಾದ ಹರಡಿಕೊಳ್ಳುತ್ತದೆ. ಬೆಳಿಗ್ಗೆ ಅಳೆಯಬಾರದು, ಸಂಜೆಗೆ ಪಾದ ತುಸು ದಪ್ಪವಾಗಿರುತ್ತದೆ. ಎರಡೂ ಕಾಲನ್ನು ಅಳೆಯಬೇಕು, ದೊಡ್ಡದಕ್ಕೆ ಹೊಂದಿಸಬೇಕು. ನೆಟ್ಟಗೆ ನಿಂತಾಗ ಬೆರಳು ಬೂಟಿನ ಮೂತಿಯನ್ನು ಮುಟ್ಟಿಯೂ ಮುಟ್ಟದಂತಿರಬೇಕು, ಮೊಣಕಾಲು ಬಗ್ಗಿಸಿದರೆ ಹಿಂದೆ ಸರಿಯಬೇಕು. ಒಳಗೆ ಬೆರಳು ಆಡಿಸಲು ಬರಬೇಕು, ಹಿಮ್ಮಡಿ ಮಾತ್ರ ಏಳಬಾರದು. ಬಿಗಿ ಬೇಕಾದದ್ದು ಹಿಮ್ಮಡಿಗೆ ಮತ್ತು ಕಣಕಾಲಿಗೆ. ನಾನು ಅದನ್ನು ಬೆರಳುಗಳ ಮೇಲೆ ಹಾಕಿದ್ದೆ.

"ಇಷ್ಟೇ," ಎಂದರು. "ಇದರಲ್ಲಿ ದೊಡ್ಡ ವಿದ್ಯೆ ಇಲ್ಲ. ಹಾಕ್ಕೊಂಡವರನ್ನ ಕೇಳ್ಬೇಕು, ಕೇಳಿದ ಮೇಲೆ ನಂಬ್ಬೇಕು."

ನನಗೆ ಮೊದಲು ಪಾಂಡವಪುರಕ್ಕೆ, ಆಮೇಲೆ ಕೆ.ಆರ್. ಪೇಟೆಗೆ ವರ್ಗವಾಯಿತು. ಚಕ್ರದ ಬೂಟನ್ನು ಮತ್ತೆ ಮುಟ್ಟಲಿಲ್ಲ. ಖೋಖೋ, ಕಬಡ್ಡಿ, ಬರಿಗಾಲಿನ ಆಟಗಳನ್ನೇ ಆಡಿಸಿದೆ. ಓಟಕ್ಕೆ ಶೂ ಕೊಡಬೇಕಾಗಿ ಬಂದಾಗ ಪ್ರತಿ ಮಗುವನ್ನೂ ಸಂಜೆ ನಿಲ್ಲಿಸಿ ಅಳೆಯುತ್ತಿದ್ದೆ. ಸಹೋದ್ಯೋಗಿಗಳು ಆಡಿಕೊಳ್ಳುತ್ತಿದ್ದರು.

ದಶಕ ಮುಗಿಯುತ್ತ ಬಂದಿದ್ದಾಗ ಕೆ.ಆರ್. ಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಯಾರೋ "ನಮಸ್ಕಾರ ಸಾ" ಎಂದರು. ಕಂಕುಳಲ್ಲಿ ಮಗು, ಕೈಯಲ್ಲಿ ಬುಟ್ಟಿ. ಅರಕೆರೆಯ ಹುಡುಗಿಯೆಂದು ಗುರುತು ಹತ್ತಲು ಒಂದು ಕ್ಷಣ ಬೇಕಾಯಿತು. ಸಿಂಧಘಟ್ಟಕ್ಕೆ ಕೊಟ್ಟಿದ್ದಾರಂತೆ, ಹಸು ಕಟ್ಟಿದ್ದಾರಂತೆ, ಡೈರಿಗೆ ಹಾಲು ಹಾಕುತ್ತಾಳಂತೆ. ನಾನು ಕೆಳಗೆ ನೋಡಬಾರದೆಂದುಕೊಂಡೇ ನೋಡಿದೆ. ಎಡಗಾಲಿನ ಚಪ್ಪಲಿಗೆ ಹಿಂದಿನಿಂದ ಒಂದು ಪಟ್ಟಿ ಹೊಲಿಸಿಕೊಂಡಿದ್ದಳು. ಹೆಬ್ಬೆರಳಿಲ್ಲದೆ ಚಪ್ಪಲಿ ನಿಲ್ಲುವುದಿಲ್ಲ.

"ಓಡಾಡೋಕೆ ಆಗುತ್ತಾ?" ಎಂದೆ.

"ಆಯ್ತದೆ ಸಾ. ಗದ್ದೆ ಬದಿನ ಮೇಲೆ ಸ್ವಲ್ಪ ವಾಲ್ತೀನಿ, ಅಷ್ಟೇಯ."

ಏನೋ ಹೇಳಲು ಹೊರಟೆ. ಎಷ್ಟೋ ವರ್ಷಗಳಿಂದ ಮಾತು ಹೊಂದಿಸಿಟ್ಟುಕೊಂಡಿದ್ದೆ. ಅಷ್ಟರಲ್ಲಿ ಅವಳೇ ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಹೇಳಿದಳು:

"ನಾನೇ ಗಟ್ಟಿಯಾಗಿ ಯೋಳ್ಬೇಕಿತ್ತು ಅಂತ ಮೊದ್ಲು ಅನ್ಸ್ತಿತ್ತು ಸಾ. ಈಗ ಅಂಗನ್ಸಕಿಲ್ಲ. ನಾನು ಯೋಳಿದ್ದೆ."

"ಹೌದು. ಹೇಳಿದ್ದೆ. ತಪ್ಪು ನನ್ನದೇ."

"ಊಂ ಸಾ," ಎಂದಳು.

ಸಮಾಧಾನದ ಮಾತೊಂದನ್ನು ನಾನು ಎದುರುನೋಡಿದ್ದೆನೇನೋ. ಅವಳು ಅದನ್ನು ಕೊಡಲಿಲ್ಲ. ಕೊಡಬೇಕಾದ ಕಾರಣವೂ ಇರಲಿಲ್ಲ. ಅವಳ ಬಸ್ಸು ಬಂದು ಜನ ನುಗ್ಗಿದರು. ಮಗುವನ್ನು ಮೊದಲು ಕಿಟಕಿಯಿಂದ ಯಾರದೋ ಕೈಗೆ ಕೊಟ್ಟು, ಆಮೇಲೆ ಕಂಬಿ ಹಿಡಿದು, ನಿಧಾನಕ್ಕೆ ಹತ್ತಿಕೊಂಡಳು.