ನಿದ್ದೆ ಹೋದ ಮಗುವನ್ನು ಎಬ್ಬಿಸಬೇಡಿ ಎಂದವಳು

ಎರಡು ಶಾಲೆಗಳ ನಡುವೆ ಓಡಾಡಿದ ಬಸ್ಸಿನ ಖರ್ಚು ಅವಳಿಗೆ ಇನ್ನೂ ಬಂದಿಲ್ಲ. ಕೇಳಿ ಕೇಳಿ ಸಾಕಾಗಿ ಅವಳು ಬಿಟ್ಟಿದ್ದಾಳೆ. ನೌಕರರ ಸಂಘದವನು ನಾನು, ಬಿಟ್ಟಿಲ್ಲ.

ಮಕ್ಕಳು ಅವಳನ್ನು ನರ್ಸಕ್ಕ ಅನ್ನುತ್ತಿದ್ದರು. ಶಾಲೆಯವರು ಕೊಟ್ಟದ್ದು ಮೆಟ್ಟಿಲ ಕೆಳಗಿನ ಕೋಣೆ. ಒಂದು ಮಂಚ, ಒಂದು ತೂಕದ ಯಂತ್ರ, ಆಟದ ಮೇಷ್ಟ್ರು ತಂದು ತುರುಕಿದ್ದ ಗಾಳಿ ಹೋದ ಚೆಂಡುಗಳು. ಚೆಂಡುಗಳನ್ನು ಮೊದಲ ವಾರವೇ ಹೊರಗೆಸೆದಳು. ಆಟದ ಮೇಷ್ಟ್ರು ಜಗಳಕ್ಕೆ ಬಂದರೆ, ಇವಕ್ಕೆ ಜ್ವರ ಬಂದಾಗ ಕಳಿಸಿ ಸಾರ್, ಮಲಗಿಸ್ಕೋತೀನಿ ಅಂದಳಂತೆ. ಅಂಥ ಬಾಯಿ.

ಮಂಡಿ ತರಚಿಕೊಂಡು ಬಂದವರಿಗೆ ಮುಲಾಮು. ಮೊದಲ ಸಲ ಮುಟ್ಟಾಗಿ, ಸತ್ತೇ ಹೋಗ್ತೀನೇನೋ ಅಂತ ಅಳುತ್ತ ಬಂದ ಹುಡುಗಿಯರಿಗೆ ಪ್ಯಾಡು, ಜೊತೆಗೆ ನಾಲ್ಕು ಮಾತು. ಪರೀಕ್ಷೆಯ ದಿನ ಹೊಟ್ಟೆನೋವು ತಂದುಕೊಂಡವರಿಗೆ ಸ್ವಲ್ಪ ಹೊತ್ತು ಆ ಮಂಚ. ಇದೆಲ್ಲ ಸಲೀಸಾಗಿ ನಡೆಯಿತು. ದೊಡ್ಡ ಜಗಳ ಆದದ್ದು ನಿದ್ದೆಯ ವಿಷಯಕ್ಕೆ.

ಲೆಕ್ಕದ ಮೇಷ್ಟ್ರು ತೂಕಡಿಸುವ ಮಕ್ಕಳ ಮೇಲೆ ಡಸ್ಟರ್ ಬೀಸಿ ಎಸೆಯುತ್ತಿದ್ದರು. ಒಂದು ದಿನ ಒಬ್ಬನ ಹುಬ್ಬು ಸೀಳಿತು. ನರ್ಸಕ್ಕ ಗಾಯ ಒರೆಸಿದ ಹತ್ತಿಯನ್ನು ಹಾಗೇ ಹಿಡಿದುಕೊಂಡು ಹೋಗಿ ಮೇಷ್ಟ್ರ ಟೀ ಲೋಟದ ಪಕ್ಕ ಇಟ್ಟಳು. ಈ ಮಕ್ಕಳ ಅಪ್ಪ ಅಮ್ಮ ರಾತ್ರಿ ಪಾಳಿಗೆ ಹೋಗ್ತಾರೆ, ಚಿಕ್ಕವರನ್ನ ಇವರೇ ಮಲಗಿಸಬೇಕು, ಇವರು ಮಲಗೋದು ಯಾವಾಗ ಅಂತ ಕೇಳಿದಳು. "ನಿದ್ದೆ ಹೋದ ಮಗೂನ ಎಬ್ಬಿಸಬೇಡಿ ಸಾರ್. ನಿಮ್ಮ ಲೆಕ್ಕ ನಾಳೆ ಎಲ್ಲೂ ಓಡಿಹೋಗಲ್ಲ."

ಮೇಷ್ಟ್ರು ಬಹಳ ದಿನ ಮುಖ ಊದಿಸಿಕೊಂಡು ತಿರುಗಿದರು. ಆದರೆ ಡಸ್ಟರ್ ಎಸೆಯುವುದು ನಿಂತಿತು. ಬರುಬರುತ್ತ, ಮಲಗಿದ ಮಗುವಿನ ಮುಖಕ್ಕೆ ಬಿಸಿಲು ಬಿದ್ದರೆ ತಾವೇ ಹೋಗಿ ಕಿಟಕಿ ಮುಚ್ಚುವಷ್ಟು ಬದಲಾದರು. ಒಬ್ಬ ಮನುಷ್ಯನನ್ನು ಬದಲಾಯಿಸುವುದು ಎಷ್ಟು ಕಷ್ಟ ಅಂತ ಬೀದಿಗಿಳಿದು ಕೂಗಿದವರಿಗೆ ಗೊತ್ತು. ಅವಳು ಅದನ್ನು ಮಾಡಿ ತೋರಿಸಿದ್ದಳು.

ಆರನೇ ಕ್ಲಾಸಿನಲ್ಲಿ ಒಬ್ಬಳಿದ್ದಳು. ಬಾಯಿ ಮುಚ್ಚದ ಹುಡುಗಿ, ಎಲ್ಲರೂ ರೇಡಿಯೋ ಅನ್ನುತ್ತಿದ್ದರು. ಅವಳಿಗೆ ಸಕ್ಕರೆ ಕಾಯಿಲೆ. ಬೆಳಗ್ಗೆ ಸಂಜೆ ಮನೆಯಲ್ಲಿ ಇನ್ಸುಲಿನ್ ಸೂಜಿ. ಅದನ್ನು ಹಾಕಿಸಿಕೊಂಡವರು ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಮೈಯಲ್ಲಿನ ಸಕ್ಕರೆ ಇಳಿದು ಪ್ರಾಣಕ್ಕೇ ಬರುತ್ತದೆ. ಹಿಂದಿನ ಶಾಲೆಯಲ್ಲಿ ವಿಷಯ ಗೊತ್ತಾಗಿ, ಅಂಟುರೋಗವೇನೋ ಅಂತ ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ. ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವ ಅವಳಮ್ಮ ಮಗಳನ್ನು ಓದು ಬಿಡಿಸುತ್ತೇನೆ ಅಂತಲೇ ಬಂದಿದ್ದಳು.

"ಬಿಡಿಸಬೇಡಮ್ಮ. ನಾನಿದೀನಲ್ಲ," ಅಂದಳು ನರ್ಸಕ್ಕ.

ಹಾಗಾದರೆ ನಿನಗೂ ಹೆಡ್ಮಿಸ್ಸಿಗೂ ಬಿಟ್ಟು ಮೂರನೆಯವರಿಗೆ ಗೊತ್ತಾಗಬಾರದು ಅಂತ ತಾಯಿ ಮಾತು ತೆಗೆದುಕೊಂಡಳು. ಅಂದಿನಿಂದ ದಿನಾ ಬೆಳಗಿನ ಬಿಡುವಿನಲ್ಲಿ ರೇಡಿಯೋ ಮೆಟ್ಟಿಲ ಕೆಳಗೆ ಕೂತು ಬಿಸ್ಕತ್ತು ತಿನ್ನುತ್ತ ಇಡೀ ಶಾಲೆಯ ಸುದ್ದಿ ಒಪ್ಪಿಸುತ್ತಿದ್ದಳು. ಮುಖ ಬಾಡಿದ್ದರೆ ನರ್ಸಕ್ಕ ಬೆರಳು ಚುಚ್ಚಿ ರಕ್ತ ನೋಡುತ್ತಿದ್ದಳು. ತಿಂಗಳುಗಟ್ಟಲೆ ಏನೂ ಆಗಲಿಲ್ಲ.

ಆಮೇಲೆ ಮೇಲಿನಿಂದ ಆದೇಶ ಬಂತು. ಒಬ್ಬ ನರ್ಸ್, ಎರಡು ಶಾಲೆ, ದಿನ ಬಿಟ್ಟು ದಿನ. ಸಂಘದವರು ನಾವು ಕಚೇರಿ ಮುಂದೆ ಧರಣಿ ಕೂತೆವು. ಸಾಹೇಬರು ಕಾರಿನ ಗಾಜು ಇಳಿಸದೆ ಹೋದರು. ನರ್ಸಕ್ಕ ತಾಯಿಯ ಹತ್ತಿರ ಹೋಗಿ, ನಾನಿಲ್ಲದ ದಿನಕ್ಕಾದರೂ ಮೇಷ್ಟ್ರುಗಳಿಗೆ ಹೇಳಿಬಿಡೋಣ ಅಂದಳು. ತಾಯಿ, ಈ ವರ್ಷ ಮುಗೀಲಿ ಅಕ್ಕ ಅಂದಳು. ಕೊಟ್ಟ ಮಾತು ಮುರಿಯಲು ಇವಳಿಗೆ ಮನಸ್ಸು ಬರಲಿಲ್ಲ.

ನರ್ಸಕ್ಕ ಇನ್ನೊಂದು ಶಾಲೆಯಲ್ಲಿದ್ದ ಒಂದು ದಿನ. ಇಲ್ಲಿ ಓಟದ ಅಭ್ಯಾಸ ಬಿಡುವಿನ ಹೊತ್ತನ್ನೂ ನುಂಗಿತು. ಹೆಡ್ಮಿಸ್ಸು ಮೀಟಿಂಗಿಗೆ ಹೋಗಿದ್ದರು. ಬಿಸ್ಕತ್ತು ಚೀಲದಲ್ಲೇ ಉಳಿಯಿತು. ಲೆಕ್ಕದ ಪಾಠ ಶುರುವಾದಾಗ ರೇಡಿಯೋ ಬೆವೆತುಹೋಗಿದ್ದಳು. ಓಡಿ ಬಂದವರೆಲ್ಲ ಬೆವೆತಿದ್ದರು. ತೊದಲುತ್ತ ಏನೋ ಅಂದಳು, ಡೆಸ್ಕಿನ ಮೇಲೆ ತಲೆ ಇಟ್ಟಳು. ರೇಡಿಯೋ ಕೆಟ್ಟೋಯ್ತು ಸಾರ್ ಅಂತ ಹಿಂದಿನ ಬೆಂಚಿನವರು ನಕ್ಕರು. ಮೇಷ್ಟ್ರು ಅವರನ್ನು ಗದರಿಸಿ, ಕಿಟಕಿ ಮುಚ್ಚಿ, ದನಿ ತಗ್ಗಿಸಿ ಪಾಠ ಮುಂದುವರಿಸಿದರು. ಊಟದ ಗಂಟೆ ಹೊಡೆದಾಗಲೂ ಅವಳ ಪಾಡಿಗೆ ಅವಳು ಮಲಗಲಿ ಅಂತ ಉಳಿದವರನ್ನು ಸದ್ದಿಲ್ಲದೆ ಹೊರಗೆ ಕಳಿಸಿದರು.

ಗುಡಿಸಲು ಬಂದ ಆಯಾ ಅಲುಗಾಡಿಸಿ ನೋಡಿದಳು. ಆಸ್ಪತ್ರೆ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು.

ನರ್ಸಕ್ಕ ಬಸ್ಸಿಳಿದು ಓಡಿಬಂದಾಗ ಆಸ್ಪತ್ರೆಯ ಗೋಡೆಗೊರಗಿ ಮೇಷ್ಟ್ರು ಕುಕ್ಕರುಗಾಲಲ್ಲಿ ಕೂತಿದ್ದರು. "ನೀವೇ ಹೇಳಿದ್ರಲ್ಲ ನರ್ಸಮ್ಮ, ಎಬ್ಬಿಸಬೇಡಿ ಅಂತ."

"ಹೌದು. ನಾನೇ ಹೇಳಿದ್ದೆ."

ತಾಯಿ ಎದೆ ಬಡಿದುಕೊಳ್ಳಲಿಲ್ಲ, ಬೈಯಲಿಲ್ಲ. ಕೆಲಸದಿಂದ ಹಾಗೇ ಬಂದಿದ್ದಳು, ಸೆರಗಿನಲ್ಲಿ ದಾರದ ತುಂಡುಗಳು. "ನೀನು ಎಲ್ಲಿದ್ದೆ ಅಕ್ಕಾ?" ಅಂತ ಒಂದೇ ಒಂದು ಸಲ ಕೇಳಿದಳು.

ಬೇರೆಯವರ ಮಕ್ಕಳ ಕಣ್ಣು ಪರೀಕ್ಷೆ ಮಾಡುತ್ತಿದ್ದೆ ಅಂತ ಹೇಗೆ ಹೇಳುತ್ತಾಳೆ?

ವಿಚಾರಣೆ ನಡೆಸಿದವರು ನರ್ಸ್ ಮಾಹಿತಿ ಮುಚ್ಚಿಟ್ಟಳು ಅಂತ ಬರೆದು ಅವಳನ್ನು ಮನೆಗೆ ಕಳಿಸಿದರು. ಮೇಷ್ಟ್ರು ರಜೆ ಹಾಕಿ ಹೋದವರು ವಾಪಸು ಬರಲಿಲ್ಲ. ಅವಳು ಈಗ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಗಾಯಕ್ಕೆ ಪಟ್ಟಿ ಕಟ್ಟುತ್ತಾಳೆ. ಮಕ್ಕಳು ಬಂದರೆ ಇನ್ನೊಬ್ಬಳ ಹತ್ತಿರ ಕಳಿಸುತ್ತಾಳೆ. ಮುಂದಿನ ಧರಣಿಗೆ ಬಾ ಅಂತ ನಾನು ಕರೆದೆ. ನನ್ನ ಬಾಯಿಂದ ಇನ್ನು ಯಾರಿಗೂ ಏನೂ ಹೇಳಿಸಬೇಡ ಅಣ್ಣ ಅಂದಳು.

ಪಾಪ, ಯಾರದೂ ತಪ್ಪಿಲ್ಲ ಬಿಡಿ ಅಂತ ನೀವು ಈಗ ಅನ್ನಬಹುದು. ಅನ್ನಬೇಡಿ. ಒಬ್ಬಳನ್ನು ಎರಡಾಗಿ ಸೀಳಿ ಹಂಚಿದವರು ಇದ್ದಾರೆ, ಅದು ಉಳಿತಾಯ ಅಂತ ಸುಮ್ಮನಿದ್ದವರು ಇದ್ದಾರೆ, ಧರಣಿಯಿಂದ ಎದ್ದು ಬಂದ ನಾವೂ ಇದ್ದೇವೆ. ನಾಳೆ ನಿಮ್ಮ ಮಗುವಿನ ಶಾಲೆಗೆ ಹೋಗಿ. ನರ್ಸ್ ಎಲ್ಲಿ ಅಂತ ಕೇಳಿ. ಇವತ್ತು ಅವರ ದಿನ ಅಲ್ಲ ಅಂದರೆ ಮನೆಗೆ ಬರಬೇಡಿ, ಅಲ್ಲೇ ಗೇಟಿನ ಮುಂದೆ ಕೂತುಕೊಳ್ಳಿ. ದಿನಾ ಒಬ್ಬರು ಇರುತ್ತಾರೆ ಅಂತ ಬರೆದುಕೊಡುವವರೆಗೆ ಏಳಬೇಡಿ.